ನನ್ನ ಎಡಗಾಲಿನ ಮೇಲೆ ದೋಷ ಬರೆದ ಹೆಡ್ ಮೇಸ್ತ್ರಿಯವರಿಗೆ

ಮಾನ್ಯರೇ,

ತಮ್ಮ ಗ್ಯಾರೇಜಿನ ಶಟರು ಪ್ರತಿದಿನ ಹೊತ್ತಿಗೆ ಸರಿಯಾಗಿ ಮೇಲೇಳಲಿ, ತಮ್ಮ ಸ್ಪ್ಯಾನರುಗಳು ಇಟ್ಟಲ್ಲೇ ಸಿಗಲಿ, ತಮ್ಮ ಕೈಗೆ ಬಂದ ಚಹಾ ಬಾಯಿಗೆ ಬರುವ ಮುಂಚೆ ಆರದಿರಲಿ ಎಂದು ಮೊದಲಿಗೆ ಮನಸಾರೆ ಹಾರೈಸುತ್ತೇನೆ. ಹಾರೈಕೆಯಲ್ಲಿ ನಾನು ಜಿಪುಣಿಯಲ್ಲ. ನಾನು ಯಾರೆಂದು ತಾವು ಮರೆತಿರಲಾರಿರಿ: ಇಪ್ಪತ್ತೆರಡು ವರ್ಷದ ಆ ನೀಲಿ ಆಟೋಮ್ಯಾಟಿಕ್ ಲಾರಿಯ ಒಡತಿ, ಅದರ ಏಕೈಕ ಚಾಲಕಿ, ಗಾಜಿನ ಅಂಗಡಿಯಿಂದ ಹೊರಟ ಕಿಟಕಿ ಗಾಜು, ಬೀರುವಿನ ಕನ್ನಡಿಗಳನ್ನು ಒಡೆಯದಂತೆ ಮನೆ ಮನೆಗೆ ಮುಟ್ಟಿಸುವವಳು. ಕಳೆದ ಆರು ವಾರಗಳಲ್ಲಿ ನಾನು ತಮ್ಮ ಗ್ಯಾರೇಜಿಗೆ ನಾಲ್ಕು ಸಲ ಬಂದಿದ್ದೇನೆ. ತವರಿಗೆ ಒಂದು ಸಲವೂ ಹೋಗಿಲ್ಲ.

ಎಲ್ಲರೂ ಗೇರ್ ಹಾಕುವ ಗಾಡಿ ಓಡಿಸುತ್ತಿರುವಾಗ ಇಂಥದ್ದೊಂದನ್ನು ಯಾಕೆ ಕಟ್ಟಿಕೊಂಡಿದ್ದೀರಿ ಎಂದು ಮೊದಲ ದಿನ ತಾವು ಕುತೂಹಲದಿಂದ ವಿಚಾರಿಸಿದ್ದಿರಿ. ನನ್ನ ಎಡಗಾಲು ಮಂಡಿಯಿಂದ ಕೆಳಗೆ ಚಿಕ್ಕಂದಿನಿಂದಲೂ ನನ್ನ ಮಾತು ಕೇಳುವುದಿಲ್ಲ, ಕ್ಲಚ್ ತುಳಿಯುವುದು ನನ್ನಿಂದಾಗದು, ಈ ಗಾಡಿಗೋ ಕ್ಲಚ್ ಪೆಡಲೇ ಇಲ್ಲ, ಬಲಗಾಲೊಂದಿದ್ದರೆ ಸಾಕು, ಗೇರನ್ನು ಅದೇ ಬದಲಿಸಿಕೊಳ್ಳುತ್ತದೆ ಎಂದು ನಾನು ಬಿಡಿಸಿ ಹೇಳಿದ್ದೆ. ಈ ಗೇರ್‌ಬಾಕ್ಸ್ ಕೆಟ್ಟರೆ ಹನ್ನೊಂದು ವರ್ಷದ ನನ್ನ ಕೆಲಸವೂ ಕೆಟ್ಟಿತು ಎಂದೂ ಹೇಳಿದ್ದೆ. ತಾವು ಗಂಭೀರವಾಗಿ ತಲೆಯಾಡಿಸಿದಿರಿ. ನನ್ನ ಕಾಲಿನ ವಿಷಯವನ್ನು ತಾವು ಬೇರೆಯೇ ಉಪಯೋಗಕ್ಕೆಂದು ಜೋಪಾನವಾಗಿ ಎತ್ತಿಟ್ಟುಕೊಂಡಿರೆಂಬುದು ನನಗೆ ಆಮೇಲೆ ತಿಳಿಯಿತು.

ನಾನು ತಂದಿದ್ದ ತೊಂದರೆ ತೀರ ಸಣ್ಣದು. ಗೇರ್‌ಬಾಕ್ಸಿನ ಸೀಲೊಂದು ಸವೆದು, ಗಾಡಿ ನಿಂತ ಕಡೆ ಬೆಕ್ಕಿನ ಮರಿ ಉಚ್ಚೆ ಹೊಯ್ದಷ್ಟು ಕೆಂಪು ಎಣ್ಣೆ ಬೀಳುತ್ತಿತ್ತು. ತಾವು ಗೇರ್‌ಬಾಕ್ಸನ್ನೇ ಕೆಳಗಿಳಿಸಿ, ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿ, ಇಂಜಿನ್ ಆರಿಸಿದ ಮೇಲೆ ಅಳತೆ ಕಡ್ಡಿ ಎಳೆದು, ಎಣ್ಣೆ ಮೇಲಿನ ಗೆರೆ ಮುಟ್ಟಿರುವುದನ್ನು ನನಗೂ ತೋರಿಸಿ ಕಳುಹಿಸಿದಿರಿ. ಸೋರುವುದು ಪೂರ್ತಿ ನಿಂತಿತು. ಅದರ ಜೊತೆಗೆ ಗಾಡಿಯೂ ನಿಲ್ಲತೊಡಗಿತು. ಮುಂದಕ್ಕೆ ಹೋಗಲು ಗೇರ್ ಹಾಕಿದರೆ ಅದು ಸಾವಧಾನವಾಗಿ ಆಲೋಚಿಸಿ, ನಾನು ಆಸೆ ಬಿಡುವ ಹೊತ್ತಿಗೆ ಧಡ್ ಎಂದು ಜಿಗಿಯುತ್ತಿತ್ತು. ಏರಿನಲ್ಲಿ ಇಂಜಿನ್ ಗಂಟಲು ಹರಿಯುವಂತೆ ಅರಚಿದರೂ ಚಕ್ರಗಳು ಮಾತ್ರ ತಮಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಇರುತ್ತಿದ್ದವು.

ಎರಡನೆಯ ಸಲ ಬಂದಾಗ ತಾವು ಗಾಡಿಯನ್ನು ಒಂದು ದಿನ ಬಿಟ್ಟುಹೋಗಲು ಹೇಳಿ, ಮರುದಿನ ಬೆಳಗ್ಗೆ ಅದು ತಣ್ಣಗಿರುವಾಗ, ಇಂಜಿನ್ ಶುರು ಮಾಡುವ ಗೊಡವೆಗೇ ಹೋಗದೆ, ಕಡ್ಡಿ ಎಳೆದು ನೋಡಿದಿರಿ. ಎಣ್ಣೆ ಗೆರೆಗಿಂತ ಮೇಲಿತ್ತು. ಹೊಟ್ಟೆ ಭಾರವಾಗಿ ಅಜೀರ್ಣವಾಗಿದೆ ಎಂದು ಅಪ್ಪಣೆಯಾಯಿತು. ಒಮ್ಮೆಗೇ ಬೇಡವೆಂದು ಅರ್ಧ ಲೀಟರ್ ಮಾತ್ರ ಹೊರಗೆ ಬಂತು. ಗಾಡಿ ಇನ್ನಷ್ಟು ಹದಗೆಟ್ಟಿತು. ಮೂರನೆಯ ಸಲವೂ ಅದೇ ಬೆಳಗು, ಅದೇ ಕಡ್ಡಿ, ಅದೇ ಅಜೀರ್ಣ, ಇನ್ನೂ ಅರ್ಧ ಲೀಟರ್. ತಿರುವಿನಲ್ಲಿ ಕುಂಯ್ ಎನ್ನುತ್ತದೆ ಎಂದು ನಾನು ಹೇಳಿಕೊಂಡಾಗ, ಹಳೇ ಗಾಡಿಗೆ ಹೊಸ ಸೀಲು ಹೊಂದಿಕೊಳ್ಳಲು ಕಾಲ ಬೇಕು, ಮನೆಗೆ ಬಂದ ಸೊಸೆಗೂ ಬೇಕಾಗುವುದಿಲ್ಲವೇ ಎಂದು ತಾವು ಸಮಾಧಾನಪಡಿಸಿದಿರಿ. ಸೊಸೆಯಾಗಿ ಅನುಭವವಿರುವ ನನಗೆ ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ.

ಅದಾದ ಮೂರನೆಯ ದಿನ ಆಸ್ಪತ್ರೆಯ ಪಕ್ಕದ ಏರಿನಲ್ಲಿ ಕೆಂಪು ದೀಪ ಬಿತ್ತು. ಹಿಂದೆ ಆರು ಆಳೆತ್ತರದ ಕನ್ನಡಿಗಳನ್ನು ಮರದ ಚೌಕಟ್ಟಿಗೆ ಒರಗಿಸಿ ಹಗ್ಗ ಬಿಗಿದಿತ್ತು. ಅವುಗಳ ಹಿಂದೆ ಒಂದು ಶಾಲಾ ವ್ಯಾನು ನಿಂತಿತ್ತು. ಹಸಿರು ದೀಪ ಬಂದು ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಅರಚಿತು, ಗಾಡಿ ಹಿಂದಕ್ಕೆ ಜಾರಿತು. ನನಗೆ ಭಯವಾಯಿತು. ಅದನ್ನು ವಿನಯದಿಂದಾಗಲಿ ವ್ಯಂಗ್ಯದಿಂದಾಗಲಿ ಬರೆಯಲು ನನಗೆ ಬರುವುದಿಲ್ಲ. ಬ್ರೇಕ್ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಒತ್ತಿದಾಗ ಗೇರು ಧಡ್ ಎಂದು ಕಚ್ಚಿಕೊಂಡಿತು. ವ್ಯಾನು ಉಳಿಯಿತು, ಒಂದು ಕನ್ನಡಿ ಮೇಲಿಂದ ಕೆಳಗಿನವರೆಗೆ ಸೀಳಿತು. ಗಾಜು ಇಳಿಸಲು ಜೊತೆಗೆ ಬರುವ ಇಬ್ಬರು, ನಾವು ನಡೆದೇ ಬರುತ್ತೇವೆ ಎಂದು ಬಹಳ ಮರ್ಯಾದೆಯಿಂದ ಇಳಿದು ಹೋದರು.

ಗಾಜಿನ ಅಂಗಡಿಯ ಯಜಮಾನರು ಕೂಗಾಡುವವರಲ್ಲ. ಗಾಡಿ ಸರಿಯಿದೆಯೆಂದು ಗ್ಯಾರೇಜಿನವರು ಬರೆದುಕೊಟ್ಟರೆ ಕೆಲಸ ಮುಂದುವರಿಸೋಣ ಎಂದಷ್ಟೇ ಹೇಳಿ, ನಾಲ್ಕನೆಯ ಸಲ ಖುದ್ದಾಗಿ ನನ್ನ ಜೊತೆ ಬಂದರು. ತಾವು ಎಂದಿನಂತೆ ಅರ್ಧ ಲೀಟರ್ ಇಳಿಸಿದಿರಿ, ಅಂಗಳದ ಸಪಾಟು ನೆಲದಲ್ಲಿ ಗಾಡಿಯನ್ನು ಎರಡು ಸುತ್ತು ಹಾಕಿಸಿ, ಇಳಿದು, ಕೈ ಒರೆಸಿಕೊಳ್ಳುತ್ತ ಅವರೆದುರಿಗೇ ನನಗೆ ಹೇಳಿದಿರಿ: "ಕುಣಿಯೋಕೆ ಬಾರದವಳಿಗೆ ನೆಲ ಡೊಂಕಂತೆ. ಗಾಡಿ ಸರಿಯಾಗೇ ಇದೆ ಅಕ್ಕಾ, ಸರಿ ಇಲ್ದೇ ಇರೋದು ನಿಮ್ಮ ಕಾಲು."

ಕುಂಟುವವಳ ಮುಂದೆ ಕುಣಿತದ ಗಾದೆಯನ್ನೇ ಆರಿಸಿಕೊಂಡ ತಮ್ಮ ಔಚಿತ್ಯಕ್ಕೆ ನಾನು ತಲೆಬಾಗುತ್ತೇನೆ. ಅಷ್ಟಕ್ಕೇ ನಿಲ್ಲಿಸದೆ ತಾವು ಕೆಲಸದ ಕಾರ್ಡಿನಲ್ಲಿ ದುಂಡಗಿನ ಅಕ್ಷರಗಳಲ್ಲಿ, 'ಗೇರ್‌ಬಾಕ್ಸ್ ಸರಿಯಿದೆ. ಚಾಲಕಿಯ ಎಡಗಾಲಿನ ದೋಷ. ಬೇರೆ ಡ್ರೈವರ್ ಇಡುವುದು' ಎಂದು ಬರೆದು ಮೊಹರು ಒತ್ತಿಕೊಟ್ಟಿರಿ. ಮಾನ್ಯರೇ, ಈ ಗಾಡಿಯಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಹನ್ನೊಂದು ವರ್ಷದಿಂದ ಅದು ಬಲಗಾಲಿನ ಪಕ್ಕ ಸುಮ್ಮನೆ ಕೂತು ಬಿಟ್ಟಿ ಸವಾರಿ ಮಾಡಿಕೊಂಡು ಬರುತ್ತಿದೆ. ಏನನ್ನೂ ಮುಟ್ಟದ ಕಾಲೊಂದು ಗೇರ್‌ಬಾಕ್ಸನ್ನು ಕೆಡಿಸಿದ ಬಗೆಯನ್ನು ಪತ್ತೆ ಹಚ್ಚಿದವರು ಈ ಪ್ರಪಂಚದಲ್ಲಿ ತಾವೊಬ್ಬರೇ ಇರಬೇಕು. ಯಜಮಾನರು ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡು, ಮುಂದಿನ ತಿಂಗಳಿಂದ ಬೇರೆಯವರನ್ನು ನೋಡುತ್ತೇನಮ್ಮ ಎಂದರು. ಅಂದು ನಾನು ಅತ್ತೆ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಗಾಡಿಯ ತುಂಬ ಕನ್ನಡಿ ಹೇರಿಕೊಂಡು ತಿರುಗುವ ನನಗೂ ಹುಣ್ಣು ಕಾಣಿಸಿರಲಿಲ್ಲ. ಕಾಣಿಸಿದ್ದು ನನ್ನ ಅಕ್ಕನಿಗೆ. ಹೊಲಿಗೆ ಅವಳ ಕಸುಬು. ಸೂಜಿಗೆ ದಾರ ಪೋಣಿಸಲು ಒಂದು ಭೂತಗನ್ನಡಿ ಇಟ್ಟುಕೊಂಡಿದ್ದಾಳೆ. ಭಾನುವಾರ ನಾನು ಬಾನೆಟ್ ಎತ್ತಿ ಸುಮ್ಮನೆ ನಿಂತಿದ್ದಾಗ ಅವಳು ಬಂದು, ಆ ಕಡ್ಡಿಯನ್ನು ಕೇಳಿ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಅದರ ಮೈಮೇಲೆ ಇರುವೆ ಸಾಲಿನಂತೆ ಕೊರೆದಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದಳು. "ಇಂಜಿನ್ ಓಡ್ತಿರುವಾಗ, ಬಿಸಿಯಾಗಿರುವಾಗ ನೋಡ್ಬೇಕು ಅಂತ ಇದ್ರಲ್ಲೇ ಇದೆಯಲ್ಲೇ. ಯಾರೂ ಓದ್ಲೇ ಇಲ್ವಾ?" ಎಂದಳು. ಯಾರೂ ಓದಿರಲಿಲ್ಲ. ತಾವು ಇದೇ ಕಡ್ಡಿಯನ್ನು ನಾಲ್ಕು ಸಲ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದ್ದಿರಿ. ನಾನು ಹನ್ನೊಂದು ವರ್ಷ ನೋಡಿದ್ದೆ. ಈಗ ತೀರಿಕೊಂಡಿರುವ ನಮ್ಮ ಹಳೆಯ ಮೇಸ್ತ್ರಿ ಇಂಜಿನ್ ಆರಿಸದೆಯೇ ಕಡ್ಡಿ ಎಳೆಯುವುದನ್ನು ಕಂಡು, ಪಾಪ ಸೋಮಾರಿ ಎಂದುಕೊಂಡಿದ್ದವಳು ನಾನು. ನನ್ನ ಪಾಲಿನ ದಡ್ಡತನವನ್ನು ನಾನು ತಮ್ಮ ಮೇಲೆ ಹೊರಿಸುವುದಿಲ್ಲ. ತಮಗೆ ಈಗಾಗಲೇ ಹೊರೆ ಜಾಸ್ತಿಯಿದೆ.

ಇಂಜಿನ್ ಓಡುವಾಗ ಎಣ್ಣೆ ಗೇರ್‌ಬಾಕ್ಸಿನ ಒಳಗೆಲ್ಲ ಹರಡಿಕೊಂಡಿರುತ್ತದೆ, ಆರಿಸಿ ರಾತ್ರಿಯೆಲ್ಲ ಬಿಟ್ಟರೆ ಇಳಿದು ತಳದಲ್ಲಿ ಸೇರಿ ಜಾಸ್ತಿಯಿರುವಂತೆ ಕಾಣುತ್ತದೆ ಎಂಬ ಗುಟ್ಟನ್ನು ತಮ್ಮಂಥವರಿಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗವಾದೀತು. ನಾವಿಬ್ಬರೂ ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸದೆ ಕಡ್ಡಿ ಎಳೆದೆವು. ತುದಿಯಷ್ಟೇ ತೇವವಾಗಿತ್ತು. ಬಿಳಿಚಿ ಮಲಗಿದ ರೋಗಿಯಿಂದ ತಾವು ಭೇಟಿಗೊಂದು ಬಾಟಲಿಯಂತೆ ರಕ್ತ ತೆಗೆದಿದ್ದಿರಿ. ಸ್ವಲ್ಪ ಸ್ವಲ್ಪವೇ ಹೊಯ್ದು, ಮತ್ತೆ ಮತ್ತೆ ನೋಡಿ, ಎರಡೂವರೆ ಲೀಟರಿಗೆ ಗೆರೆ ಮುಟ್ಟಿತು. ಆಮೇಲೆ ಗೇರು ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಬಿತ್ತು. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಏರನ್ನು ಮೂರು ಸಲ ಹತ್ತಿದೆ. ಅವರು ಒಪ್ಪಿದರು. ಆದರೂ, ಬರಹದಲ್ಲಿ ಬಂದದ್ದು ಬರಹದಲ್ಲೇ ಹೋಗಬೇಕಲ್ಲಮ್ಮ, ಮೇಸ್ತ್ರಿ ಮೊಹರು ಹಾಕಿದ್ದಾರೆ ಎಂದು ಕಾರ್ಡನ್ನು ಮತ್ತೆ ಮೇಜಿನ ಖಾನೆಗೆ ಸೇರಿಸಿದರು.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳು. ಗ್ಯಾರೇಜಿಗೆ ಬರುವ ಪ್ರತಿ ಚಾಲಕನ ಕಾಲನ್ನೂ ಮೊದಲು ಬಿಚ್ಚಿ ತೊಳೆದು ಪರೀಕ್ಷಿಸುವ ಹೊಸ ವಿಭಾಗವೊಂದನ್ನು ತಾವು ತೆರೆಯಬೇಕು. ಹಾರ್ನ್ ಕೆಟ್ಟರೆ ಚಾಲಕನ ಗಂಟಲಿಗೂ, ದೀಪ ಕೆಟ್ಟರೆ ಅವನ ಕಣ್ಣಿಗೂ ತಾವೇ ಚಿಕಿತ್ಸೆ ಕೊಡಬೇಕು. ನನ್ನಿಂದ ತೆಗೆದ ಒಂದೂವರೆ ಲೀಟರ್ ಕೆಂಪು ಎಣ್ಣೆಯನ್ನು ಗಾಜಿನ ಭರಣಿಯಲ್ಲಿಟ್ಟು ತಮ್ಮ ಮೇಜಿನ ಮೇಲೆ ಪ್ರದರ್ಶಿಸಬೇಕು. ಭರಣಿ ನಾನು ಕೊಡುತ್ತೇನೆ. ಇವು ಯಾವುವೂ ಆಗದಿದ್ದರೆ ಬೇಸರವಿಲ್ಲ. ಒಂದು ಮಾತ್ರ ಆಗಲೇಬೇಕು: ನನ್ನ ಕಾಲಿನ ಮೇಲೆ ಬರೆದ ಆ ಸಾಲನ್ನು ತಾವು ತಮ್ಮ ಕೈಯಾರೆ ಹೊಡೆದುಹಾಕಬೇಕು.

ವಿಶ್ವಾಸಕ್ಕೆ ಯೋಗ್ಯವಾದದ್ದೇನನ್ನೂ ತಮ್ಮಲ್ಲಿ ಕಾಣದಿದ್ದರೂ, ಪದ್ಧತಿ ಬಿಡಲಾರದೆ,

ತಮ್ಮ ವಿಶ್ವಾಸಿ,
ಗಾಜಿನ ಗಾಡಿಯವಳು

ತಾ.ಕ.: ತಾವು ಕಟ್ಟಿಸುತ್ತಿರುವ ಹೊಸ ಆಫೀಸಿನ ಹದಿನಾಲ್ಕು ಕಿಟಕಿ ಗಾಜುಗಳು ನಮ್ಮ ಯಜಮಾನರ ಅಂಗಡಿಯಲ್ಲಿ ಸಿದ್ಧವಾಗಿವೆ. ತಿಂಗಳು ಮುಗಿಯಲು ಇನ್ನೂ ಐದು ದಿನವಿರುವುದರಿಂದ ಅವನ್ನು ತಲುಪಿಸುವ ಸರದಿ ನನ್ನದೇ. ನಾಡಿದ್ದು ಬೆಳಗ್ಗೆ ಹನ್ನೊಂದಕ್ಕೆ ಬರುತ್ತೇನೆ. ಕಾರ್ಡನ್ನೂ ಕೇಳಿ ತರುತ್ತೇನೆ. ಮೊದಲು ಅದರ ಮೇಲೆ ಗೆರೆ ಎಳೆದು ಸಹಿ ಹಾಕಿ, ಆಮೇಲೆ ಗಾಜು ಇಳಿಯುತ್ತದೆ. ಅಲ್ಲಿಯವರೆಗೆ ನಾನು ಇಂಜಿನ್ ಆರಿಸುವುದಿಲ್ಲ. ಬಿಡುವಿದ್ದರೆ ಕಡ್ಡಿ ಎಳೆದು ನೋಡಬಹುದು.