ಅಕ್ಕನ ಲ್ಯಾಪ್‌ಟಾಪು, ನನ್ನ ಎಮ್ಮೆಗಳು

ದೇವರೇ ಬಂದು ಬಾಗಿಲಲ್ಲಿ ನಿಂತರೂ ನನ್ನ ಅಕ್ಕ ಕೈಮುಗಿಯುವವಳಲ್ಲ. "ಕುಂದರ್ರಿ, ಎರಡು ವಾರ ನಿಮ್ಮ ಚಾಳಿ ನೋಡ್ತೀನಿ. ಆಮ್ಯಾಲೆ ಹೇಳ್ತೀನಿ ನೀವು ದೇವರು ಹೌದೋ ಅಲ್ಲೋ" ಎನ್ನುವವಳು. ಮುಖ, ಹೆಸರು, ಗುರುತಿನ ಚೀಟಿ ಎಲ್ಲವೂ ಅವಳ ಲೆಕ್ಕದಲ್ಲಿ ಸುಳ್ಳು. ಮನುಷ್ಯನ ಚಾಳಿಯೊಂದೇ ನಿಜ.

ಇದು ನೌಕರಿಯಿಂದ ಅಂಟಿದ ರೋಗವೋ, ರೋಗಕ್ಕೆ ಹೊಂದುವ ನೌಕರಿಯೇ ಅವಳಿಗೆ ಸಿಕ್ಕಿತೋ, ನನಗೆ ಗೊತ್ತಿಲ್ಲ. ನಾನೂ ಶಾಲೆಯೂ ಏಳನೇ ಇಯತ್ತೆಯಲ್ಲೇ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ನಾನು ಪಟಾನ್‌ಚೆರುವಿನ ಔಷಧದ ಕಾರ್ಖಾನೆಯಲ್ಲಿ ಡ್ರಮ್ಮು ಉರುಳಿಸುತ್ತೇನೆ. ಅಕ್ಕ ಕಳ್ಳರನ್ನು ಹಿಡಿಯುವುದನ್ನು ಕಂಪ್ಯೂಟರಿಗೆ ಕಲಿಸುತ್ತಾಳೆ. ಮಿಯಾಪುರದ ಬಾಡಿಗೆ ಮನೆಯಲ್ಲಿ ಇರುವವರು ನಾವಿಬ್ಬರೇ.

"ಪಾಸ್‌ವರ್ಡ್ ಗೊತ್ತಿದ್ದವ್ರೆಲ್ಲ ಮಾಲಕ್ರಾಗೂದಿಲ್ಲೋ" ಎಂದು ಒಮ್ಮೆ ರೊಟ್ಟಿ ಬಡಿಯುತ್ತ ವಿವರಿಸಿದಳು. "ಕಳ್ಳ ಖರೇ ಕೀಲಿ ಹಿಡಕೊಂಡ ಬರ್ತಾನ. ಆದ್ರ ಒಳಗ ಬಂದ ಮ್ಯಾಲೆ ಲೈಟಿನ ಬಟನ್ ಎಲ್ಲೈತಿ ಅಂತ ಗ್ವಾಡಿ ತಡವ್ತಾನ. ಮನಿಯವ್ರು ತಡವಂಗಿಲ್ಲ. ನಮ್ಮ ಮಷೀನು ಅದನ್ನ ನೋಡತೈತಿ. ನೀ ಹೆಂಗ ಟೈಪ್ ಮಾಡ್ತಿ, ಯಾವಾಗ ಕುಂದರ್ತಿ, ಎಲ್ಲಾ ಕಲಿತೈತಿ. ಚಾಳಿ ತಪ್ಪಿತು, ಬಾಗಲಾ ಬಂದ್."

ಮಷೀನು ಹಾಗಿರಲಿ, ಅಕ್ಕನೂ ಅಷ್ಟೇ. ನಾನು ಯಾವಾಗಲೂ ಕರೆಗಂಟೆಯನ್ನು ಎರಡು ಸಲ ಒತ್ತುತ್ತೇನೆ. ಒಂದು ದಿನ ಒಂದೇ ಸಲ ಒತ್ತಿದೆ.

"ಕೌನ್?"

"ನಾನ ಅಕ್ಕಾ."

"ನನ್ನ ತಮ್ಮ ಎರಡು ಸಲ ಒತ್ತತಾನ."

ಇನ್ನೊಮ್ಮೆ ಒತ್ತಿದ ಮೇಲೆಯೇ ನಾನು ತಮ್ಮನಾದದ್ದು.

ಅವಳನ್ನು ನೋಡಲು ಬೀದರಿನಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ತಲೆ ತಗ್ಗಿಸಿ, ಸದ್ದಿಲ್ಲದೆ ಚಹಾ ಕುಡಿದ. "ನಮ್ಮ ಹುಡುಗ ಹೆಂಗ ಅನಸ್ತಾನವಾ?" ಎಂದು ಅವನ ತಾಯಿ ಕೇಳಿದರು. ಅಕ್ಕ ಹೇಳಿದಳು: "ಇದು ಇವರ ಖರೇ ಚಾಳಿ ಅಲ್ರಿ. ಹದಿನೈದು ದಿವಸ ಇಲ್ಲೇ ಬಿಟ್ಟು ಹೋಗ್ರಿ, ಕಲ್ತು ಹೇಳ್ತೀನಿ." ಅವರು ಹುಡುಗನನ್ನು ಕರೆದುಕೊಂಡು ಮುಂದಿನ ಬಸ್ಸಿಗೇ ಹೋದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಯಂತ್ರವನ್ನು ಆಫೀಸಿನ ಹಿರಿಯರ ಮುಂದೆ ತೋರಿಸುವ ದಿನ ಹತ್ತಿರವಾಗಿತ್ತು. ಅಕ್ಕ ಅದನ್ನು ಮನೆಯ ಲ್ಯಾಪ್‌ಟಾಪಿಗೆ ಹಾಕಿ, "ನನ್ನ ಚಾಳಿ ಕಲಿಯಾಕತ್ತೈತಿ, ಮುಟ್ಟಬ್ಯಾಡ" ಎಂದಳು. ಆದರೆ ಆ ದಿನಗಳಲ್ಲಿ ಅವಳು ಆಫೀಸಿನಿಂದ ಬರುವುದೇ ರಾತ್ರಿ ತಡವಾಗಿ, ಅದರ ಮುಂದೆ ಕೂರುತ್ತಿದ್ದದ್ದು ಐದು ಹತ್ತು ನಿಮಿಷ ಮಾತ್ರ. ನಾನು ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದರೆ ಲ್ಯಾಪ್‌ಟಾಪು ಒಂಟಿಯಾಗಿ ಕುಳಿತಿರುತ್ತಿತ್ತು. ಪಾಸ್‌ವರ್ಡಿನ ಮೇಲೆ ಅಕ್ಕನಿಗೆ ಎಷ್ಟು ತಾತ್ಸಾರವೆಂದರೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ನನಗೋ, ಎಮ್ಮೆಗಳ ವಿಡಿಯೊ ಎಂದರೆ ಪ್ರಾಣ. ನಾಲ್ಕನೇ ಮಹಡಿಯಲ್ಲಿ ಎಮ್ಮೆ ಕಟ್ಟಲಾಗದವನಿಗೆ ಬೇರೆ ದಾರಿ ಏನಿದೆ? ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿ, ದಿನವೂ ಮುರ್ರಾ ಎಮ್ಮೆಗಳನ್ನು ಕಣ್ತುಂಬ ನೋಡಿದೆ. ನೋಡಿದ್ದರ ಗುರುತು ಅಳಿಸುವುದೂ ನನಗೆ ಬರುತ್ತಿತ್ತು. ಆದರೆ ಯಂತ್ರ ಒಳಗೊಳಗೇ, ಬಹಳ ಶ್ರದ್ಧೆಯಿಂದ, ನನ್ನನ್ನು ಕಲಿಯುತ್ತಿತ್ತು.

ತೋರಿಸುವ ದಿನ ಅಕ್ಕ ಲ್ಯಾಪ್‌ಟಾಪನ್ನು ಆಫೀಸಿಗೆ ಒಯ್ದಳು. ಕಳ್ಳನ ಪಾತ್ರ ವಹಿಸಿದವರು ಅವಳ ಸಾಹೇಬರು. ಅನುಮಾನ ಬರಲೆಂದು ಬೇಕೆಂದೇ ಒಂದು ಬೆರಳಿನಿಂದ ತಡವರಿಸುತ್ತ ಒತ್ತಿದರು. ಮನೆಯ ಒಡೆಯ ಬಂದನೆಂದು ಯಂತ್ರ ಸುಮ್ಮನಿತ್ತು. ಆಮೇಲೆ ಅಕ್ಕ ಕುಳಿತು ಹತ್ತೂ ಬೆರಳು ಓಡಿಸಿದಳು. ಬಾಗಿಲು ಬಂದ್! ಎಲ್ಲರೂ ನಕ್ಕರಂತೆ.

ಸಾಹೇಬರು ಸೋಮವಾರ ಇನ್ನೊಮ್ಮೆ ತೋರಿಸಲು ಹೇಳಿದರು. ಆಗಲೂ ಕೆಟ್ಟರೆ ಯಂತ್ರ ಮೂಲೆಗೆ. "ನಾ ಕಲಿಸಿದ್ದರಾಗ ಏನೋ ತಪ್ಪೈತಿ" ಎನ್ನುತ್ತ ಅಕ್ಕ ತನ್ನನ್ನೇ ಹಳಿದುಕೊಂಡಳು. ತಪ್ಪು ಅವಳ ಎದುರಿಗೇ ಕುಳಿತು ರೊಟ್ಟಿ ಮುರಿಯುತ್ತಿತ್ತು. ಹೇಳಬೇಕೆಂದು ದಿನವೂ ಅಂದುಕೊಂಡೆ, ಬಾಯಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು.

"ನಿನ್ನ ಚಾಳಿ ಬದಲಾಗ್ಯಾವ."

ಸಿಕ್ಕಿಬಿದ್ದೆ ಎಂದುಕೊಂಡೆ.

"ರೊಟ್ಟಿ ಅರ್ಧಕ್ಕ ಬಿಡಾಕತ್ತಿ. ಬೈದ್ರ ತಿರುಗಿ ಬೈಯ್ಯಂಗಿಲ್ಲ. ನನ್ನ ಮುಖಾ ನೋಡಂಗಿಲ್ಲ. ಆ ಕಾರ್ಖಾನಿ ಹೊಗಿ ನಿನ್ನ ಎದಿಗೆ ಬಡದೈತಿ. ನಾಳೆ ದವಾಖಾನಿಗೆ ಹೋಗೂಣು, ರಜಾ ಕೇಳೀನಿ."

"ನಾಳೆ ಸೋಮವಾರ. ನಿನ್ನ ಮಷೀನು?"

"ಹಾಳಾಗಿ ಹೋಗ್ಲಿ ಅದು."

ಗುರುತುಗಳನ್ನೆಲ್ಲ ಸರಿಯಾಗಿಯೇ ಹಿಡಿದಿದ್ದಳು. ಊರನ್ನೆಲ್ಲ ಅನುಮಾನಿಸುವವಳಿಗೆ, ಕಳ್ಳ ನಾನಿರಬಹುದು ಎಂಬುದೊಂದು ಮಾತ್ರ ಹೊಳೆದಿರಲಿಲ್ಲ.

"ನಂಗೇನೂ ಆಗಿಲ್ಲ ಅಕ್ಕಾ" ಎಂದೆ. "ಮಧ್ಯಾನ್ನ ದಿನಾ ಲ್ಯಾಪ್‌ಟಾಪಿನ್ಯಾಗ ಎಮ್ಮಿ ನೋಡ್ಕೋತ ಕುಂತಿದ್ದೆ. ಮಷೀನು ನನ್ನ ಚಾಳಿ ಕಲ್ತೈತಿ. ನೀ ಏನೂ ತಪ್ಪು ಮಾಡಿಲ್ಲ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. ಅಕ್ಕ ಎದ್ದು ಬಂದು ನನ್ನ ಹಣೆಯ ಮೇಲೆ, ಆಮೇಲೆ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಖರೇನ ಏನೂ ಆಗಿಲ್ಲಲ್ಲ?"

ಇಲ್ಲವೆಂದೆ. ಕುರ್ಚಿಯಲ್ಲಿ ಕುಸಿದು, ಓಢಣಿಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಸಾಹೇಬರಿಗೆ ಫೋನು ಹಚ್ಚಿ, ತಪ್ಪು ಸಿಕ್ಕಿದೆ, ನಾಳೆ ಬರುತ್ತೇನೆ ಎಂದಳು. ನನ್ನನ್ನು ಬೈಯಬೇಕೆಂದು ನೆನಪಾದದ್ದು ಅದಾದ ಮೇಲೆಯೇ.