ನಮ್ಮ ವ್ಯಾನು, ಭಾವನ ಉದ್ದನೆ ಕಾರು

ನನ್ನ ವ್ಯಾನು, ಭಾವನ ಕಾರು ಒಂದೇ ದಾರಿಗೆ ಬಿದ್ದವೆಂದರೆ ಏನಾದರೊಂದು ಆಗಲೇಬೇಕು. ಹುಮನಾಬಾದಿನಲ್ಲಿ ನನ್ನದು ಪೇಂಟಿನ ಅಂಗಡಿ. ವ್ಯಾನಿಗೆ ಏಳು ಸೀಟು, ಕೂಡುವವರು ಹನ್ನೊಂದು ಮಂದಿ. ಅಕ್ಕನ ಗಂಡ ಬಸವಕಲ್ಯಾಣದಲ್ಲಿ ಬಟ್ಟೆ ವ್ಯಾಪಾರಿ. ಹೈದರಾಬಾದಿನಿಂದ ಹಳೆಯದೊಂದು ಐಷಾರಾಮಿ ಕಾರು ತಂದಿದ್ದಾರೆ. ಚರ್ಮದ ಸೀಟು, ಒಳಗೆಲ್ಲ ಬಟನ್ನು.

“ನಿಂದು ಸಾಮಾನು ಹೇರೋ ಗಾಡಿ. ಕಾರ ಅಂದ್ರ ಇದು” ಎಂದು ನನ್ನ ಮುಖ ಕಂಡಾಗಲೆಲ್ಲ ಹೇಳುತ್ತಾರೆ.

ಬಿಸಿ ಸೀಟು

ಮೊದಲ ಸಲ ಭಾವ ನಮ್ಮ ಅವ್ವನನ್ನು ಮುಂದೆ ಕೂಡಿಸಿಕೊಂಡರು. ಮೇ ತಿಂಗಳ ಬಿಸಿಲು. ಅತ್ತೆಗೆ ತೋರಿಸಬೇಕೆಂದು ಇದ್ದಬದ್ದ ಬಟನ್ನೆಲ್ಲ ಒತ್ತಿದರು. ಅವ್ವ ಚಡಪಡಿಸತೊಡಗಿದಳು.

“ಅಳಿಯಾರ, ಇಲ್ಲಿ ಈಗ ಯಾರು ಕುಂತು ಎದ್ದು ಹೋದ್ರು? ಇನ್ನಾ ಬಿಸಿ ಅದ.”

“ಯಾರೂ ಇಲ್ರಿ ಅತ್ತಿ. ಸೀಟು ಬೆಚ್ಚಗ ಮಾಡೋ ಬಟನ್ ಅದ. ವಿಲಾಯತ್ಯಾಗ ಭಾಳ ಥಂಡಿ ಇರ್ತದಲ್ರಿ.”

“ಹಂಗಾದ್ರ ವಿಲಾಯತಿ ಬಂದ ಮ್ಯಾಲ ಒತ್ರಿ. ಈಗ ನನ್ನ ಇಳಸ್ರಿ!”

ಹಂಪ್ ಬಂತು, ಇಳೀರಿ

ಕಾರಿನ ಹೊಟ್ಟೆ ನೆಲಕ್ಕೇ ಹತ್ತಿಕೊಂಡಂತೆ. ಹುಡಗಿ ಗ್ರಾಮದ ನೆಂಟರ ಮನೆಗೆ ಹೊರಟಾಗ, ಹಂಪ್ ಬಂದಾಗಲೆಲ್ಲ ಅಕ್ಕ, ಅವ್ವ, ಅಕ್ಕನ ಮಗಳು ಇಳಿದು ನಡೆದು ದಾಟಬೇಕು. ಖಾಲಿ ಕಾರು ಮೆಲ್ಲಗೆ ಹತ್ತಿ ಇಳಿದ ಮೇಲೆ ಮತ್ತೆ ಹತ್ತಬೇಕು. ಹಿಂದೆ ವ್ಯಾನಿನಲ್ಲಿ ನಾನು ನಗು ತಡೆದುಕೊಂಡು ಕುಂತಿದ್ದೆ. ಕುರಿ ಕಾಯುವ ಹಿರಿಯರೊಬ್ಬರು ಮೂರು ಹಂಪ್‌ವರೆಗೆ ನೋಡಿ, ನನ್ನ ಕಿಟಕಿಗೆ ಬಂದರು.

“ಏನ್ ಹರಕಿ ಹೊತ್ತಾರ್ರಿ ಇವರು? ಹಂಪ್ ಹಂಪಿಗೂ ಇಳದು ನಡ್ಯಾಕತ್ತಾರ!”

ಬೀಗರ ಮುಂದೆ

ಅಕ್ಕನ ಮಗಳು ಹುಮನಾಬಾದಿನಲ್ಲಿ ಟೀಚರು. ಆಕೆಯನ್ನು ನೋಡಲು ಮನ್ನಾಏಖೇಳ್ಳಿಯಿಂದ ಹುಡುಗ, ಅವನ ತಂದೆ-ತಾಯಿ ಹುಮನಾಬಾದಿನವರೆಗೆ ಬಸ್ಸಿಗೆ ಬಂದರು. ಅಲ್ಲಿಂದ ಬಸವಕಲ್ಯಾಣದ ಭಾವನ ಮನೆಗೆ ಹೋಗಬೇಕು. “ಬೀಗರು ಕಾರಿನಾಗ, ಉಳಿದವರು ವ್ಯಾನಿನಾಗ” ಎಂದು ಭಾವ ಬಸ್‌ಸ್ಟ್ಯಾಂಡಿನಲ್ಲೇ ಹುಕುಂ ಮಾಡಿದರು. ಹುಡುಗಿ, ಅವ್ವ ನನ್ನ ಜೊತೆ.

ಬಸವಕಲ್ಯಾಣ ಇನ್ನೂ ಅರ್ಧ ದಾರಿ ಇರುವಾಗ ಕಾರು ಕೆಮ್ಮಿ ನಿಂತೇಬಿಟ್ಟಿತು. “ಎರಡ ನಿಮಿಷ್ರಿ” ಎಂದ ಭಾವ ಅರ್ಧ ತಾಸು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದರು. ಬೀಗರು ಬಿಸಿಲಲ್ಲಿ. ಕೊನೆಗೆ ಹುಡುಗಿಯೇ ಸೆರಗು ಸಿಗಿಸಿ, ವ್ಯಾನಿನ ಹಗ್ಗ ತಂದು ಕಾರಿಗೆ ಬಿಗಿಯಾಗಿ ಕಟ್ಟತೊಡಗಿದಳು. ಹುಡುಗ ಬಿಳಿ ಅಂಗಿಯಲ್ಲೇ ನೆಲಕ್ಕೆ ಮಲಗಿ, ಕಾರಿನಡಿ ಕೈ ತೂರಿಸಿ ಹಗ್ಗದ ತುದಿ ಎಳೆದುಕೊಟ್ಟ. ಇಬ್ಬರ ಕೈಗೂ ಗ್ರೀಸು, ಇಬ್ಬರಿಗೂ ನಗು.

ಎಲ್ಲರೂ ವ್ಯಾನು ಹತ್ತಿದೆವು. ಅವ್ವ ಅವಲಕ್ಕಿ ಚೂಡಾದ ಡಬ್ಬಿ ತೆಗೆದಳು. ಹಿಂದೆ ಹಗ್ಗಕ್ಕೆ ಜೋತು, ಕಾರಿನಲ್ಲಿ ಒಬ್ಬರೇ ಸ್ಟೇರಿಂಗು ಹಿಡಿದು ಭಾವ ಬರುತ್ತಿದ್ದರು.

ಮನೆ ಮುಂದೆ ಇಳಿದವರೇ ಭಾವ ಬೀಗರಿಗೆ ಕೈ ಮುಗಿದರು. ಸಂಬಂಧ ಹೋಯಿತೆಂದೇ ಮುಖ ಬಾಡಿತ್ತು. “ನಮ್ಮ ಕಾರಿಂದ ನಿಮಗ ಭಾಳ ತ್ರಾಸ ಆತ್ರಿ.”

ಹುಡುಗನ ತಂದೆ ಅವರ ಕೈ ಹಿಡಿದರು. “ಎಲ್ಲಿ ತ್ರಾಸ್ರಿ? ಹುಡುಗಿ ನಮಗ ಪಸಂದ ಅದಾಳ. ನಿಮ್ಮ ಕಾರೂ ಭಾಳ ಚಂದ ಅದ. ದಾರಿ ತುಂಬ ಹಿಂದಿನ ಗಾಜಿನಾಗ ಅದನ್ನೇ ನೋಡ್ಕೋತ ಬಂದ್ವಿ!”