ನಲವತ್ತೈದು ನಿಮಿಷದ ಪಿರಮಿಡ್ಡು

ನಮ್ಮ ಬಾಸ್‌ಗೆ ಒಂದು ಅಭ್ಯಾಸವಿದೆ. ಯಾರೇ ಮೆಟ್ಟಿಲು ಹತ್ತಿ ಆಫೀಸಿಗೆ ಬರಲಿ, "ಕೂತ್ಕೊಳ್ಳಿ" ಅನ್ನುವ ಮೊದಲೇ ಪೆನ್ನಿನ ಮುಚ್ಚಳ ತೆಗೆದು, "ಈರುಳ್ಳಿ, ಬೆಳ್ಳುಳ್ಳಿ ತಿಂತೀರಾ?" ಎಂದು ಕೇಳುತ್ತಾರೆ. ನಮ್ಮದು ವಿಜಯನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿರುವ ಸಣ್ಣ ಟ್ರಾವೆಲ್ ಆಫೀಸು. ನಮ್ಮ ಗುಂಪು ಪ್ರವಾಸಗಳ ಜೊತೆ ನಮ್ಮದೇ ಅಡುಗೆಯವರು ಹೋಗುತ್ತಾರೆ, ಅದಕ್ಕೇ ಈ ಪ್ರಶ್ನೆ. ಒಮ್ಮೆ ಕರೆಂಟ್ ಮೀಟರ್ ನೋಡಲು ಬಂದವರೊಬ್ಬರು ಇದನ್ನು ಕೇಳಿ, ಸ್ವಲ್ಪ ಯೋಚಿಸಿ, "ಶನಿವಾರ ತಿನ್ನಲ್ಲ ಸಾರ್" ಎಂದು ಉತ್ತರ ಕೊಟ್ಟು ಮೀಟರ್ ನೋಡದೇ ಹೋಗಿಬಿಟ್ಟರು.

ಇಂಥವು ನಮ್ಮಲ್ಲಿ ವಾರಕ್ಕೆರಡಾದರೂ ನಡೆಯುತ್ತಲೇ ಇರುತ್ತವೆ. ಯಾವ ದಿನ ಯಾವ ಊರು, ಎಷ್ಟು ಗಂಟೆಗೆ ಬಸ್ಸು ಅಂತ ಮೂಲೆಯ ಕಂಪ್ಯೂಟರಿನಲ್ಲಿ ಪಟ್ಟಿ ಟೈಪ್ ಮಾಡುವುದು ನನ್ನ ಕೆಲಸ. ಬಾಯಿಗೆ ಕೆಲಸ ಕಡಿಮೆಯಾದ್ದರಿಂದ ಕಿವಿಗೆ ಎಲ್ಲವೂ ಬೀಳುತ್ತದೆ. ಇಲ್ಲಿ ಬರೆದಿರುವುದೆಲ್ಲ ಒಬ್ಬರೇ ಒಬ್ಬರ ಪ್ರವಾಸದ ಸುತ್ತ ನಡೆದದ್ದು. ಆ ಪ್ರವಾಸ ಇನ್ನೂ ಹೊರಟಿಲ್ಲ.

೧. ಬೇರೆ ಖಂಡ

ಅವರು ಬಸವೇಶ್ವರನಗರದವರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರ್ ಆದವರು. ನನಗೆ ಪಾಠ ಮಾಡಿದವರಲ್ಲ, ಆದರೂ ಮೊದಲ ದಿನವೇ ನನ್ನ ಬಾಯಿಗೆ "ಮಿಸ್" ಅಂತಲೇ ಬಂತು. ಮಂಡಿ ನೋವು. ನಮ್ಮ ಹದಿನೆಂಟು ಮೆಟ್ಟಿಲನ್ನು ಎರಡು ಕಡೆ ನಿಂತು ಹತ್ತಿ ಬಂದಿದ್ದರು.

ಬಾಸ್ ಪೆನ್ನಿನ ಮುಚ್ಚಳ ತೆಗೆದರು.

"ತಿಂತೀನಿ," ಎಂದರು ಮಿಸ್, ಪ್ರಶ್ನೆ ಮುಗಿಯುವ ಮೊದಲೇ. "ನನಗೆ ಮಾಯಾ ಜನರ ಪಿರಮಿಡ್ ನೋಡ್ಬೇಕು."

"ಬನ್ನಿ ಮೇಡಂ, ಡಿಸೆಂಬರ್‌ಗೆ ಗ್ರೂಪ್ ಇದೆ. ಪಿರಮಿಡ್ಡು, ಮಮ್ಮಿ, ನೈಲ್ ನದಿ, ಒಂಟೆ ಸವಾರಿ, ಎಲ್ಲಾ ಸೇರಿ..."

"ಅದು ಈಜಿಪ್ಟ್. ನಾನು ಹೇಳ್ತಾ ಇರೋದು ಮೆಕ್ಸಿಕೋ. ಬೇರೆ ಖಂಡ. ಇವರು ಪಿರಮಿಡ್ಡಿನ ಮೇಲೆ ಗುಡಿ ಕಟ್ಟಿದ್ರು, ಸೊನ್ನೆ ಕಂಡುಹಿಡಿದಿದ್ರು, ಸೂರ್ಯಗ್ರಹಣ ಲೆಕ್ಕ ಹಾಕ್ತಿದ್ರು. ಪುಸ್ತಕದಲ್ಲಿ ಒಂದೇ ಪ್ಯಾರಾ ಇತ್ತು. ಪ್ರತಿ ವರ್ಷ ಯಾರಾದ್ರೂ ಒಂದು ಮಗು ಎದ್ದು, 'ಮಿಸ್, ನೀವು ನೋಡಿದೀರಾ?' ಅಂತ ಕೇಳೋದು. ಮೂವತ್ತೊಂದು ವರ್ಷ 'ಇಲ್ಲ' ಅಂದಿದೀನಿ."

ಆಮೇಲೆ ದನಿ ಸ್ವಲ್ಪ ಇಳಿಸಿ, ಮಂಡಿ ಇನ್ನೊಂದು ವರ್ಷ ತಡೆಯಬಹುದು ಅಂತ ಡಾಕ್ಟರು ಹೇಳಿದ್ದಾರೆಂದೂ, ಅಷ್ಟರೊಳಗೆ ಹೋಗಬೇಕೆಂದೂ ಹೇಳಿದರು. "ಚಿಚೆನ್ ಇಟ್ಜಾ ಅಂತ ಒಂದು ಜಾಗ. ಅಲ್ಲಿ ಪಿರಮಿಡ್ಡಿನ ಮುಂದೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದ್ರೆ ಹಕ್ಕಿ ಕೂಗಿದ ಹಾಗೆ ವಾಪಸ್ ಕೇಳುತ್ತಂತೆ. ನನಗೆ ಅಲ್ಲಿ ಒಂದು ಬೆಳಗ್ಗೆ ಪೂರ್ತಿ ಕೂತ್ಕೋಬೇಕು. ಯಾರೂ ಕರೀಬಾರದು. ಅಷ್ಟೇ."

ಆಗ ನಾನು ಬಾಸ್ ಕಡೆ ನೋಡಿದೆ. "ಬೇರೆ ಖಂಡ" ಅಂದಾಗಲೇ ಅವರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಮಿಸ್ "ಕೂತ್ಕೊಳ್ಳಿ" ಅನ್ನುವವರೆಗೂ ಕೂರಲಿಲ್ಲ.

೨. ತಿಂಡಿ ಮೊದಲೋ, ಪಿರಮಿಡ್ ಮೊದಲೋ

ಬಾಸ್ ಸೋಲು ಒಪ್ಪುವವರಲ್ಲ. ಒಂದು ತಿಂಗಳಲ್ಲಿ ಮೆಕ್ಸಿಕೋಗೆ ಹದಿನೆಂಟು ಜನರ ಗುಂಪು ಕಟ್ಟಿದರು. ಮಿಸ್ ಸೇರಿ ಹತ್ತೊಂಬತ್ತು. ಮಹಾಲಕ್ಷ್ಮಿ ಲೇಔಟಿನ ಒಂದು ಪಾರ್ಟಿ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ ಉಪ್ಪಿಟ್ಟು ಕೊಟ್ಟರು. ನಾನು ಟೈಪ್ ಮಾಡಿದ ಪಟ್ಟಿ ಎಲ್ಲರ ಕೈಗೂ ಹೋಯಿತು.

ಮಿಸ್ ಕೈ ಎತ್ತಿದರು. "ಐದನೇ ದಿನ. ಚಿಚೆನ್ ಇಟ್ಜಾ, ನಲವತ್ತೈದು ನಿಮಿಷ. ಶಾಪಿಂಗ್, ಎರಡೂವರೆ ಗಂಟೆ. ಏನಿದು?"

"ಮೇಡಂ, ನಲವತ್ತೈದು ನಿಮಿಷ ಅಂದ್ರೆ..."

"ಅಂದ್ರೆ ಒಂದು ಪೀರಿಯಡ್. ಅದರಲ್ಲಿ ಹತ್ತು ನಿಮಿಷ ಅಟೆಂಡೆನ್ಸಿಗೇ ಹೋಗುತ್ತೆ."

ನಂದಿನಿ ಲೇಔಟಿನ ಅಂಕಲ್ ಒಬ್ಬರು ಮಧ್ಯೆ ಬಂದರು. "ಕಲ್ಲಿಗೆ ನಲವತ್ತೈದು ನಿಮಿಷ ಸಾಕಲ್ವಾ ಮೇಡಂ? ಹಂಪಿನೇ ನಾವು ಮಧ್ಯಾಹ್ನದೊಳಗೆ ಮುಗಿಸಿದ್ವಿ. ಮೇಲಕ್ಕೆ ಹತ್ತಿ ಒಂದು ಫೋಟೋ ತಗೊಂಡ್ರೆ ಆಯ್ತು."

"ಈಗ ಹತ್ತೋಕೆ ಬಿಡಲ್ಲ," ಎಂದರು ಮಿಸ್.

"ಹತ್ತೋಕೆ ಬಿಡಲ್ವಾ? ಹಾಗಾದ್ರೆ ಅರ್ಧ ಗಂಟೆ ಸಾಕು."

ಅಷ್ಟರಲ್ಲಿ ಮಹಾಲಕ್ಷ್ಮಿ ಲೇಔಟಿನ ಆಂಟಿಯೊಬ್ಬರಿಗೆ ನಿಜವಾದ ಚಿಂತೆ ಬಂತು. "ಮೇಲೆ ಗುಡಿ ಇದೆಯಂತಲ್ಲ, ಪೂಜೆ ಎಷ್ಟು ಗಂಟೆಗೆ?"

"ಪೂಜೆ ನಿಂತು ಎಷ್ಟೋ ನೂರು ವರ್ಷ ಆಯ್ತು," ಎಂದರು ಮಿಸ್.

ಆಂಟಿಯ ಮುಖ ಅರಳಿತು. "ಅಯ್ಯೋ, ಪೂಜೆ ಇಲ್ಲ ಅಂದ್ರೆ ಸ್ನಾನ ಮಾಡ್ಕೊಂಡು ಖಾಲಿ ಹೊಟ್ಟೆಲಿ ಯಾಕೆ ಓಡ್ಬೇಕು? ನಿಧಾನವಾಗಿ ತಿಂಡಿ ತಿಂದ್ಕೊಂಡೇ ಹೋಗೋಣ!"

ಹಾಲಿಗೆ ಹಾಲೇ ಒಪ್ಪಿತು. ಏಳಕ್ಕೆ ಹೊರಡಬೇಕಿದ್ದ ಬಸ್ಸು ಒಂಬತ್ತಕ್ಕಾಯಿತು. ಆಫೀಸಿಗೆ ಬಂದು ನಾನು ಪಟ್ಟಿ ತಿದ್ದಿದೆ. ಒಂದು ಇಡೀ ನಾಗರಿಕತೆಗೆ ಮೂವತ್ತು ನಿಮಿಷ ಉಳಿಯಿತು, ಅದೂ ನಮ್ಮ ಅಡುಗೆಯವರು ಇಡ್ಲಿ ಮಾಡದೇ ಇದ್ದರೆ.

೩. ಕೆಂಗೇರಿ ಟ್ರಯಲ್

ಮಾರನೇ ದಿನ ಮಿಸ್ ನನಗೆ ಮೆಸೇಜ್ ಮಾಡಿದರು: "ಒಬ್ಬಳೇ ಹೋಗುತ್ತೇನೆ. ದಾರಿ ಮಾಡಿಕೊಡು. ನಿಮ್ಮ ಬಾಸ್‌ಗೆ ಹೇಳಬೇಡ."

ಅವರ ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಹೊಸ ಮಷೀನು ಬಂದರೆ ಟ್ರಯಲ್ ಮಾಡದೇ ಸಹಿ ಹಾಕುತ್ತಿರಲಿಲ್ಲವಂತೆ. "ಮೆಕ್ಸಿಕೋ ಇರ್ಲಿ. ಮೊದಲು ಕೆಂಗೇರಿಗೆ ಹೋಗಿ ಬಾ. ಯಾರನ್ನೂ ದಾರಿ ಕೇಳಬಾರದು, ಮೊಬೈಲ್ ಮ್ಯಾಪ್ ಮಾತ್ರ. ಹೋದ ಕಡೆ ಒಂದು ಗಂಟೆ ಒಬ್ಳೇ ಕೂತು ಬರ್ಬೇಕು," ಎಂದು ಷರತ್ತು ಹಾಕಿದರು. ಇದೆಲ್ಲ ಸರಿಯಾಗಿ ನಡೆಯಿತೇ ಎಂದು ಹೇಳಲು ಒಬ್ಬ ಸಾಕ್ಷಿ ಬೇಕಿತ್ತು. ಭಾನುವಾರ ಬೆಳಗ್ಗೆ ನಾನೇ ಸಾಕ್ಷಿಯಾದೆ.

ವಿಜಯನಗರದಿಂದ ಮೆಟ್ರೋ. ಕೆಂಗೇರಿಯಲ್ಲಿ ಇಳಿದು ಮ್ಯಾಪ್ ತೋರಿಸಿದ ಕಡೆ ನಿಧಾನವಾಗಿ ನಡೆದೆವು. ಮಿಸ್‌ಗೆ ಗೊತ್ತಿದ್ದ ಒಂದು ಹಳೇ ವೀರಗಲ್ಲು ಅಲ್ಲಿದೆ. ಅರ್ಧ ಒಂದು ಮನೆಯ ಕಾಂಪೌಂಡಿನ ಒಳಗೆ, ಅರ್ಧ ಹೊರಗೆ. ವೀರನ ಕುದುರೆ ರಸ್ತೆಯಲ್ಲಿತ್ತು, ವೀರ ಕಾರ್ ಷೆಡ್ಡಿನಲ್ಲಿದ್ದ. ಮಿಸ್ ಎದುರಿನ ಕಟ್ಟೆಯ ಮೇಲೆ ಕೂತರು. ನಾನು ಸ್ವಲ್ಪ ದೂರದಲ್ಲಿ ನಿಂತು ಗಡಿಯಾರ ನೋಡಿಕೊಂಡೆ.

ಮೂರನೇ ನಿಮಿಷಕ್ಕೆ ಒಂದು ಬಾಗಿಲು ತೆರೆಯಿತು. "ಯಾರು ಬೇಕಾಗಿತ್ತು?"

"ಯಾರೂ ಬೇಡಮ್ಮ. ಸುಮ್ನೆ ಕೂತಿದೀನಿ."

"ಸುಮ್ನೇನಾ?" ಆಕೆ ಒಳಗೆ ಹೋಗಿ ಕುರ್ಚಿ ತಂದರು. ಕುರ್ಚಿ ನೋಡಿ ಪಕ್ಕದ ಮನೆಯವರು ಬಂದರು. ಮಿಸ್ ಕೈಯಲ್ಲಿದ್ದ ಫೋನಿನ ಮ್ಯಾಪ್ ನೋಡಿ ಇನ್ನೊಬ್ಬರು, "ರಸ್ತೆ ಅಗಲ ಮಾಡ್ತಾರಾ ಮೇಡಂ? ನಮ್ಮ ಕಾಂಪೌಂಡು ಎಷ್ಟು ಹೋಗುತ್ತೆ?" ಎಂದು ಕೇಳಿದರು. ಕಾಲು ಗಂಟೆಯಲ್ಲಿ ಹನ್ನೊಂದು ಜನ. ಒಬ್ಬರು ಮನೆ ಪತ್ರದ ಜೆರಾಕ್ಸ್ ಕೂಡ ತಂದಿದ್ದರು.

ಇವರನ್ನು ಸಮಾಧಾನ ಮಾಡಲು ಮಿಸ್ ಎದ್ದು ಕಲ್ಲಿನ ಕಡೆ ಕೈ ತೋರಿಸಿದರು. "ರಸ್ತೆಗಲ್ಲಪ್ಪ, ಇದಕ್ಕೆ ಬಂದೆ. ಕೆಳಗೆ ಯುದ್ಧ ನೋಡಿ. ಮಧ್ಯದಲ್ಲಿ ಇವನನ್ನ ಅಪ್ಸರೆಯರು ಕರ್ಕೊಂಡು ಹೋಗ್ತಾ ಇದಾರೆ..." ಅಷ್ಟೇ. ಸರಿಯಾಗಿ ಒಂದು ಪೀರಿಯಡ್. ಯಾರೂ ಅಲ್ಲಾಡಲಿಲ್ಲ. ಕಾಂಪೌಂಡಿನ ಯಜಮಾನರು ಕಾರು ಹಿಂದಕ್ಕೆ ತೆಗೆದು, ಇಷ್ಟು ವರ್ಷ ತಮ್ಮ ಬಂಪರಿನ ಹಿಂದೆ ನಿಂತಿದ್ದ ವೀರನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಕೊನೆಗೆ, "ಮುಂದಿನ ಭಾನುವಾರ ಎಷ್ಟು ಗಂಟೆಗೆ ಮೇಡಂ? ನಮ್ಮ ತಮ್ಮನ ಮನೆಯವರನ್ನೂ ಕರೀತೀನಿ," ಎಂದರು.

ವಾಪಸ್ ಬರುವಾಗ ಮೆಟ್ರೋದಲ್ಲಿ ಮಿಸ್ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದರು. "ಜನ ಬಂದ್ರು ಅಂತ ನೆಪ ಹೇಳ್ಬಹುದು," ಎಂದರು. "ಆದ್ರೆ ಅವರು ಬಂದಾಗ ನನಗೆ ಹಾಯ್ ಅನ್ನಿಸ್ತು ಕಣೇ. ಒಬ್ಳೇ ಕೂರೋದು ನನಗೆ ಬರುತ್ತೋ ಇಲ್ವೋ. ಅದನ್ನ ತಿಳ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ?"

ಮನೆಯಲ್ಲಿ ಯಜಮಾನರು ಕೇಳಿದರು, "ಒಂದು ಗಂಟೆ ಒಬ್ಳೇ ಕೂತಿದ್ಲಾ?" ಸಾಕ್ಷಿ ಸುಳ್ಳು ಹೇಳಬಾರದು. "ಮೂರು ನಿಮಿಷ ಸಾರ್," ಎಂದೆ.

೪. ಕುತ್ತಿಗೆಗೆ ಒಂದು ಕಾರ್ಡು

ಆ ವಾರವೇ ಯಜಮಾನರು ಆಫೀಸಿಗೆ ಬಂದರು. ಬಾಸ್ ಊಟಕ್ಕೆ ಹೋಗಿದ್ದರು. ಯಜಮಾನರು ಅತ್ತಿತ್ತ ನೋಡಿ ಜೇಬಿನಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಕಾರ್ಡ್ ತೆಗೆದು ನನ್ನ ಮುಂದಿಟ್ಟರು. ಕುತ್ತಿಗೆಗೆ ಹಾಕಲು ದಾರವೂ ಇತ್ತು.

ಕಾರ್ಡಿನಲ್ಲಿ ಕನ್ನಡ ಅಕ್ಷರ, ಆದರೆ ಕನ್ನಡವಲ್ಲ. "ಮೇ ದುಯೆಲೆನ್ ಲಾಸ್ ರೋದಿಯಾಸ್."

"ಸ್ಪ್ಯಾನಿಷ್ಷಮ್ಮ. 'ನನಗೆ ಮಂಡಿ ನೋವು' ಅಂತ. ಮೊಬೈಲ್ ನೋಡಿ ಕಲ್ತೆ. ಅವಳು ಓದಿ ಹೇಳಿದ್ರೆ ಸಾಕು, ಅಲ್ಲಿನೋರಿಗೆ ಅರ್ಥ ಆಗುತ್ತೆ. ತರಕಾರಿ ಗಾಡಿಯೋನ ಹತ್ರ ಹೇಳಿ ನೋಡಿದೆ."

"ಅವನಿಗೆ ಅರ್ಥ ಆಯ್ತಾ ಸಾರ್?"

"ಎರಡು ಕಟ್ಟು ಮೆಂತ್ಯ ಕೊಟ್ಟ."

ಕಾರ್ಡಿನಲ್ಲಿ ಒಟ್ಟು ಹನ್ನೊಂದು ವಾಕ್ಯ. ಪ್ರತಿಯೊಂದರ ಕೆಳಗೂ ಸಣ್ಣಕ್ಷರದಲ್ಲಿ ಕನ್ನಡ ಅರ್ಥ. ಒಂದು ಮಂಡಿಯದು, ಒಂದು ಶೌಚಾಲಯದ್ದು, ಒಂದು ಮಾಂಸ ಬೇಡ ಎಂಬುದು. ಮಿಕ್ಕ ಎಂಟೂ "ನನ್ನ ಯಜಮಾನರಿಗೆ ಫೋನ್ ಮಾಡಿ" ಎಂಬುದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದವು.

ನಾನು ಅಪರೂಪಕ್ಕೆ ಬಾಯಿ ಬಿಟ್ಟೆ. "ಸಾರ್, ಇಷ್ಟೆಲ್ಲ ಕಲಿತಿದೀರ. ನೀವೇ ಜೊತೆಗೆ ಹೋಗಬಹುದಲ್ವಾ?"

ಅವರು ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ನಾನು ಹೋದ್ರೆ ಅವಳು ಸುಮ್ನೆ ಕೂರೋಕೆ ಆಗಲ್ಲಮ್ಮ. ನನಗೆ ನನ್ನ ವಿಷಯ ಗೊತ್ತು. ಅವಳು ಅಡುಗೆ ಮನೇಲಿದ್ರೂ, ದೇವರ ಮನೇಲಿದ್ರೂ ಐದು ನಿಮಿಷಕ್ಕೊಂದ್ಸಲ ಏನಾದ್ರೂ ಕೇಳ್ತಾ ಇರ್ತೀನಿ. ನಲವತ್ತು ವರ್ಷದ ಅಭ್ಯಾಸ. ಅವಳಿಗೆ ಒಂದೇ ಒಂದು ಬೆಳಗ್ಗೆ ಬೇಕು. ಅದೊಂದನ್ನಾದ್ರೂ ಕೊಡೋಣ ಅಂತ."

ನಾನು ಕಾರ್ಡನ್ನು ಇನ್ನೊಂದು ಸಲ ಓದತೊಡಗಿದೆ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವರು ಕೇಳಿದರು:

"ಟೈಮ್ ಎಷ್ಟಾಯ್ತಮ್ಮ?"

೫. ರಜೆ ಅರ್ಜಿ

ಗುಟ್ಟು ನಿಲ್ಲಲಿಲ್ಲ. ಬಾಸ್‌ಗೆ ಗೊತ್ತಾಯಿತು. ಮುನಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ಅವರು ಮಿಸ್‌ರನ್ನು ಕರೆಸಿ ಒಂದು ದಾರಿ ಹೇಳಿದರು. ವಿಮಾನ, ಹೋಟೆಲು, ಊಟ ಎಲ್ಲ ಗುಂಪಿನ ಜೊತೆ. ಐದನೇ ದಿನ ಮಾತ್ರ ಮಿಸ್ ಬೆಳಗ್ಗೆ ಬೇಗ ಬೇರೆ ಕಾರಿನಲ್ಲಿ ಹೋಗಬಹುದು. ಉಳಿದವರು ಇಡ್ಲಿ ಮುಗಿಸಿ ಬರುವ ಹೊತ್ತಿಗೆ ಅವರದು ಮೂರು ಗಂಟೆ ಆಗಿರುತ್ತದೆ.

"ಆದ್ರೆ ಮೇಡಂ, ನಮ್ಮಲ್ಲೊಂದು ರೂಲ್ಸಿದೆ. ಗ್ರೂಪ್ ಬಿಟ್ಟು ಹೋಗೋರು ಬರೆದು ಕೊಡ್ಬೇಕು."

ಮೂವತ್ತೊಂದು ವರ್ಷ ಮಕ್ಕಳ ರಜೆ ಅರ್ಜಿ ತೆಗೆದುಕೊಂಡವರು ನನ್ನ ಹತ್ತಿರ ಒಂದು ಹಾಳೆ ಕೇಳಿ, ಮಡಚಿ ಮಾರ್ಜಿನ್ ಮಾಡಿಕೊಂಡು ಬರೆದರು:

"ಮಾನ್ಯರೇ, ಮಾಯಾ ನಾಗರಿಕತೆಯ ನಿಮಿತ್ತ ನಾನು ಪ್ರವಾಸದ ಐದನೇ ದಿನ ತಂಡಕ್ಕೆ ಹಾಜರಾಗಲು ಸಾಧ್ಯವಾಗುವುದಿಲ್ಲ. ಆದಕಾರಣ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ. ಇಂತಿ ತಮ್ಮ ವಿಧೇಯ ಪ್ರವಾಸಿ."

ಎಲ್ಲರಿಗೂ ತಿಳಿದಿರಲಿ ಎಂದು ಬಾಸ್ ಅದರ ಫೋಟೋ ತೆಗೆದು ಪ್ರವಾಸದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಲ್ಲೇ ತಪ್ಪಿದ್ದು.

ಸಂಜೆಯೊಳಗೆ ಅರ್ಜಿಗಳು ಶುರುವಾದವು. ಮಹಾಲಕ್ಷ್ಮಿ ಲೇಔಟಿನ ಆಂಟಿ, ಏಕಾದಶಿ ನಿಮಿತ್ತ ಐದನೇ ದಿನದ ಇಡ್ಲಿಯಿಂದ ರಜೆ ಕೇಳಿದರು. ಒಬ್ಬರು ಸೊಂಟನೋವಿನ ನಿಮಿತ್ತ ಶಾಪಿಂಗಿನಿಂದ ರಜೆ ಕೇಳಿದರು, ಅವರ ಹೆಂಡತಿ ಅದೇ ಅರ್ಜಿಯ ಕೆಳಗೆ "ಮಂಜೂರು ಮಾಡಬಾರದು" ಎಂದು ಬರೆದರು. ಹಂಪಿಯನ್ನು ಮಧ್ಯಾಹ್ನದೊಳಗೆ ಮುಗಿಸಿದ ಅಂಕಲ್, ಕೆಂಗೇರಿಯ ವೀರಗಲ್ಲಿನ ಪಾಠದ ವಿಷಯ ಯಾರಿಂದಲೋ ಕೇಳಿದ್ದರು. ಅವರದು ಹೀಗಿತ್ತು: "ನಾನೂ ಆ ಮೇಡಂ ಜೊತೆ ಒಬ್ಬನೇ ಹೋಗಲು ಇಚ್ಛಿಸುತ್ತೇನೆ." ಅದರ ಕೆಳಗೆ ಒಬ್ಬೊಬ್ಬರೇ "ನಾನೂ", "ನಾವಿಬ್ಬರೂ" ಅಂತ ಸೇರಿಕೊಂಡರು. ಮಾರನೇ ದಿನ ಎಣಿಸಿದರೆ, ಗುಂಪಿನ ಹದಿನೆಂಟು ಜನರಲ್ಲಿ ಹದಿನಾಲ್ಕು ಜನ ಮಿಸ್ ಜೊತೆ ಒಬ್ಬೊಬ್ಬರೇ ಹೋಗುವವರಿದ್ದರು.

ಬಾಸ್ ಮಿಸ್‌ರನ್ನು ಕರೆಸಿ ಎಲ್ಲ ತೋರಿಸಿದರು. "ಏನ್ಮಾಡ್ಲಿ ಮೇಡಂ? ಹದಿನಾಲ್ಕು ಜನಕ್ಕೆ ಒಂದು ಬಸ್ಸೇ ಬೇಕು. ಬಸ್ಸು ಬಂದ್ರೆ ಅಡುಗೆಯೋರು ಹೋಗ್ಬೇಕು. ಅಡುಗೆಯೋರು ಹೋದ್ರೆ ಮಿಕ್ಕ ನಾಲ್ಕು ಜನ ಹೋಟೆಲಲ್ಲಿ ಏನು ತಿಂತಾರೆ? ಅವರೂ ಬರ್ತಾರೆ."

ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕನ್ನಡಕ ಒರೆಸಿಕೊಂಡರು. ಆಮೇಲೆ ನಗು ನಿಂತಿತು. ಆ ಹದಿನಾಲ್ಕು ಜನ ಬಂದರೆ ಅವರು ಪಾಠ ಮಾಡದೇ ಇರಲಾರರು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಬ್ಬರೇ ಹೋದರೆ ಮೂರನೇ ನಿಮಿಷಕ್ಕೆ ಯಾವುದಾದರೂ ಬಾಗಿಲು ತೆರೆಯಲಿ ಎಂದು ಕಾಯುತ್ತಾರೆ ಎಂಬುದೂ ಇಬ್ಬರಿಗೂ ಗೊತ್ತಿತ್ತು.

"ನನ್ನ ಅರ್ಜಿ ಕೊಡಿ," ಎಂದರು. ಕೆಳಗೆ ಇನ್ನೆರಡು ಸಾಲು ಬರೆದು ವಾಪಸ್ ಕೊಟ್ಟರು.

ಬಾಸ್ ಜೋರಾಗಿ ಓದಿದರು: "ಬೇರೆ ಯಾರಿಗೂ ಆ ದಿನ ರಜೆ ಕೊಡಬಾರದು. ನಿಮ್ಮ ಆಫೀಸಿನ ಮೂಲೆಯಲ್ಲಿ ಕೂರುವ ಹುಡುಗಿಯನ್ನು ಮಾತ್ರ ನನ್ನ ಜೊತೆ ಕಳಿಸಬೇಕು, ಅವಳು ಜೊತೆಗಿದ್ದೂ ಏನೂ ಕೇಳುವುದಿಲ್ಲ."

ಬಾಸ್ ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು. ಕೆಳಗಿನ ಬೇಕರಿಯಲ್ಲಿ ಯಾರೋ "ಎರಡು ಪಫ್ಸ್" ಎಂದು ಕೂಗಿದರು. ಮಿಸ್ ನನ್ನನ್ನೇ ನೋಡುತ್ತಿದ್ದರು.

"ಬರ್ತೀಯೇನೇ?"